ಸದ್ದಡಗಿದಾಗ ಕೇಳಿದ ಸದ್ದು

ಹಳೆಯ ಮೋಟಾರು ಕಾರನ್ನು ಮನೆಯಲ್ಲಿಟ್ಟುಕೊಂಡವನ ಪಾಡು ಮುದಿ ಎತ್ತನ್ನು ಕಟ್ಟಿಕೊಂಡ ರೈತನ ಪಾಡಿಗಿಂತ ಬಹಳ ಬೇರೆಯಾದುದಲ್ಲ. ಇಟ್ಟುಕೊಂಡರೆ ಮೇವಿನ ಖರ್ಚು. ಮಾರಹೊರಟರೆ ಕೊಳ್ಳಲು ಬರುವವನು ತೂಕಕ್ಕೆ ಕೊಳ್ಳುವವನೇ. ನನ್ನ ಮನೆಯ ಮುಂದಿನ ತಗಡಿನ ಚಪ್ಪರದಡಿ ಇಂಥದೊಂದು ಪ್ರಾಣಿ ಇದೆ. ನನ್ನ ತಂದೆ 1974ರಲ್ಲಿ ಕೊಂಡ ಅಂಬಾಸಿಡರ್ ಕಾರು ಅದು. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಆ ಕಾರುಗಳ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಮ್ಮದು ಮಾತ್ರ ನಿಲ್ಲಲು ಒಪ್ಪಿಲ್ಲ. ಈ ಕಾರಿಗೆ ವಿದ್ಯುತ್ತಿನಿಂದ ನಡೆಯುವ ಪೆಟ್ರೋಲು ಪಂಪನ್ನೂ ಅದಕ್ಕೊಂದು ಶೋಧಕವನ್ನೂ ಜೋಡಿಸಿದ ಕಥೆಯನ್ನು ಈ ಹೊತ್ತು ನಾನು ನಿಮಗೆ ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸ್ಪ್ಯಾನರಿನ ಉಸಾಬರಿ ಏಕೆಂದು ನೀವು ಕೇಳಬಹುದು. ನನ್ನ ಅಕ್ಕನ ಪ್ರಾಣಕ್ಕೆ ಸಂಬಂಧಿಸಿದ ಪ್ರಸಂಗವೊಂದು ಇದರಲ್ಲಿರುವುದರಿಂದ, ದಯವಿಟ್ಟು ಸ್ವಲ್ಪ ಹೊತ್ತು ಕಿವಿಗೊಡಬೇಕು.

ಮೈಲಾರಲಿಂಗ ನಮ್ಮ ಮನೆದೇವರು. ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಮೈಲಾರ ಎಂಬ ಊರು ಆ ದೇವರ ನೆಲೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿತು. ಮಾಘ ಮಾಸದ ಭರತ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಹೊಳೆಯ ಈಚೆಯಿಂದಲೂ ಆಚೆಯಿಂದಲೂ ಜನ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಬರುತ್ತಾರೆ. ಕಂಬಳಿ ಹೊದ್ದು, ಡಮರು ನುಡಿಸುತ್ತ, ಹಣೆಯ ತುಂಬ ಭಂಡಾರ ಬಳಿದುಕೊಂಡು ಗೊರವರು ಬರುತ್ತಾರೆ. ಹುಣ್ಣಿಮೆ ಕಳೆದ ಮೇಲೆ ಡೆಂಕನ ಮರಡಿಯೆಂಬ ಬಯಲಿನಲ್ಲಿ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಸೇರಿರುವ ಬಯಲು ಆ ಒಂದು ಮಾತಿಗೆ ಮೌನವಾಗುತ್ತದೆ. ಆ ಮೌನದಲ್ಲಿ ಅವನು ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿದ್ದವರು ಅವನನ್ನು ಹಿಡಿದುಕೊಳ್ಳುತ್ತಾರೆ. ಆ ಸಾಲಿನ ಅರ್ಥವನ್ನು ಜನ ಮಳೆಗೂ ಬೆಳೆಗೂ ರಾಜಕೀಯಕ್ಕೂ ಹಚ್ಚಿ ವರ್ಷವಿಡೀ ಚರ್ಚಿಸುತ್ತಾರೆ.

ಬಂಡಿಗಳ ಈ ಜಾತ್ರೆಗೆ ನಾವು ಕಾರಿನಲ್ಲಿ ಹೋಗುವ ಪದ್ಧತಿಯನ್ನು ಹಾಕಿದವರು ನನ್ನ ತಂದೆ. ಅವರು ತೀರಿಕೊಂಡ ಮೇಲೂ ಅದು ನಡೆದುಕೊಂಡು ಬಂತು. ಕೆಲವು ವರ್ಷಗಳ ಹಿಂದೆ, ಜಾತ್ರೆ ಮುಗಿಸಿ ಹಿಂದಿರುಗುವಾಗ, ಹೊಳಲಿನ ಸಮೀಪ ಕಾರು ನಿಂತುಬಿಟ್ಟಿತು. ಮುಂದೆ ಬಂಡಿಗಳ ಸಾಲು, ಹಿಂದೆಯೂ ಬಂಡಿಗಳ ಸಾಲು. ಎತ್ತಿನ ನಡಿಗೆಯ ವೇಗದಲ್ಲಿ ಬಹಳ ಹೊತ್ತು ತೆವಳಿದ ಎಂಜಿನ್ನು ಕಾದು ಕೆಂಡವಾಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಬ್ಯಾಟರಿಯಲ್ಲಿ ಕಸುವಿದೆ, ಕಿಡಿ ಬರುತ್ತಿದೆ. ಎಂಜಿನ್ನು ಮಾತ್ರ ಹೊತ್ತಿಕೊಳ್ಳದು. ಹಿಂದಿನ ಬಂಡಿಯ ಮುದುಕನೊಬ್ಬ ಇಳಿದುಬಂದು, ಬಾನೆಟ್ಟಿನೊಳಗೆ ಇಣುಕಿ, “ಯಜಮಾನ್ರ, ನಿಮ್ಮ ಎತ್ತಿಗೆ ದಣಿವಾಗೇತ್ರಿ. ನೀರು ಕುಡಿಸ್ರಿ” ಎಂದ. ಸುತ್ತಲಿನವರು ನಕ್ಕರು. ನಗೆಚಾಟಿಕೆಯಾಗಿ ಆಡಿದ ಆ ಮಾತೇ ಸರಿಯಾದ ಚಿಕಿತ್ಸೆಯಾಗಿತ್ತು. ಟವೆಲನ್ನು ನೀರಿನಲ್ಲಿ ಅದ್ದಿ ಪೆಟ್ರೋಲು ಪಂಪಿಗೆ ಸುತ್ತಿ ಕಾಲು ಗಂಟೆ ಕಾದೆವು. ಕಾರು ಹೊರಟಿತು.

ಆ ಕಾಲದ ಕಾರುಗಳಲ್ಲಿ ಪೆಟ್ರೋಲು ಪಂಪು ಎಂಜಿನ್ನಿನ ಮಗ್ಗುಲಿಗೇ ಅಂಟಿಕೊಂಡಿರುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ‘ಎ.ಸಿ. ಪಂಪು’ ಎನ್ನುತ್ತಾರೆ. ಈ ಎ.ಸಿ.ಗೂ ತಂಪಿಗೂ ಯಾವ ಸಂಬಂಧವೂ ಇಲ್ಲ. ಬಿಸಿಲಿಗೆ ಮೊದಲು ಸೋಲುವುದು ಅದೇ. ಎಂಜಿನ್ನಿನೊಳಗಿನ ಕ್ಯಾಮ್ ದಂಡ ತಿರುಗಿದಾಗಲೆಲ್ಲ ಒಂದು ಸನ್ನೆಯನ್ನು ತಳ್ಳುತ್ತದೆ. ಆ ಸನ್ನೆ ಡಯಾಫ್ರಮ್ ಎಂಬ ತೆಳುವಾದ ಪೊರೆಯನ್ನು ಎಳೆಯುತ್ತದೆ. ಆಗ ಹಿಂದಿನ ಟ್ಯಾಂಕಿನಿಂದ ಪೆಟ್ರೋಲು ಕಾರಿನ ಉದ್ದಕ್ಕೂ ಹರಿದು ಬರುತ್ತದೆ. ಬಳಿಕ ಸ್ಪ್ರಿಂಗು ಪೊರೆಯನ್ನು ಮರಳಿ ಒತ್ತಿ ಆ ಪೆಟ್ರೋಲನ್ನು ಕಾರ್ಬುರೇಟರಿಗೆ ಕಳುಹಿಸುತ್ತದೆ. ಎಳನೀರಿನ ಕೊಳವೆಯಲ್ಲಿ ಹೀರುವವನ ಕೆಲಸದಂತೆ ಇದು. ಹೀರುವಾಗ ಕೊಳವೆಯೊಳಗಿನ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ದ್ರವ ಬೇಗ ಕುದಿಯುತ್ತದೆ. ಎತ್ತರದ ಬೆಟ್ಟಗಳ ಮೇಲೆ ನೀರು ಬೇಗ ಕುದಿದರೂ ಬೇಳೆ ಬೇಯದಿರುವುದು ಇದೇ ಕಾರಣಕ್ಕೆ. ಪೆಟ್ರೋಲಿನ ಹಗುರವಾದ ಅಂಶಗಳಿಗೆ ಕುದಿಯಲು ಮೊದಲೇ ಹೆಚ್ಚಿನ ಶಾಖ ಬೇಕಿಲ್ಲ. ನಮ್ಮ ಸೀಮೆಯ ಬಿಸಿಲು, ಎಂಜಿನ್ನಿನ ಕಾವು, ಮೇಲೆ ಈ ಹೀರಿಕೆ, ಮೂರೂ ಸೇರಿದರೆ ಕೊಳವೆಯೊಳಗೇ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನು ಹಿಗ್ಗಿಸಿ ಕುಗ್ಗಿಸುತ್ತ ವ್ಯರ್ಥವಾಗಿ ದುಡಿಯುತ್ತದೆ. ಕಾರ್ಬುರೇಟರಿನ ಬಾಯಿ ಒಣಗುತ್ತದೆ. ಇದಕ್ಕೆ ‘ವೇಪರ್ ಲಾಕ್’ ಎಂದು ಹೆಸರು.

ಈ ಹಳೆಯ ಕಾಯಿಲೆಯ ಜೊತೆಗೆ ಹೊಸದೊಂದು ಕಾರಣವೂ ಸೇರಿಕೊಂಡಿದೆ. ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ ವರ್ಷ ವರ್ಷಕ್ಕೆ ಏರಿ, 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ದೇಶದ ಲೆಕ್ಕದಲ್ಲಿ ಅದರ ಲಾಭಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1974ರ ಕಾರಿನ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಮಾಡಿದವರಿಗೆ ಇಂಥ ಪೆಟ್ರೋಲಿನ ಕಲ್ಪನೆಯಿರಲಿಲ್ಲ. ಎಥೆನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸಬಲ್ಲುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿಗೆ ತುಕ್ಕು ಹಿಡಿಯುವುದು ಸುಲಭವಾಗುತ್ತದೆ. ಗೋಡೆಗೆ ಅಂಟಿದ್ದ ಎಷ್ಟೋ ವರ್ಷಗಳ ಅಂಟುಕೊಳೆಯನ್ನು ಕರಗಿಸಿ, ಬಿಡಿಸಿ, ಹರಿವಿಗೆ ಸೇರಿಸುತ್ತದೆ. ಆದುದರಿಂದ ಹಳೆಯ ಕಾರಿಗೆ ಒಳ್ಳೆಯ ಶೋಧಕ ಈಗ ಹಿಂದೆಂದಿಗಿಂತ ಅಗತ್ಯವಾಗಿದೆ. ಈ ಮಾತು ನನಗೆ ಆಗಲೇ ತಿಳಿದಿದ್ದರೆ ಮುಂದಿನ ಪ್ರಸಂಗ ನಡೆಯುತ್ತಿರಲಿಲ್ಲ.

ನಾನು ಮಾಡಿದ್ದೇನೆಂದರೆ, ದೊಡ್ಡ ಊರೊಂದರ ಅಂಗಡಿಯಲ್ಲಿ ವಿದ್ಯುತ್ ಪಂಪೊಂದನ್ನು ಕೊಂಡು, ಅಲ್ಲಿಯೇ ಒಬ್ಬನಿಂದ ಅವಸರದಲ್ಲಿ ಅದನ್ನು ಹಾಕಿಸಿದೆ. ಅವನು ಅದನ್ನು ಬಾನೆಟ್ಟಿನೊಳಗೆ, ಎಂಜಿನ್ನಿನ ಬಿಸಿ ತಾಗುವಲ್ಲಿ ಬಿಗಿದ. ಕೀಲಿ ತಿರುಗಿಸುವ ಸ್ವಿಚ್ಚಿನಿಂದ ಒಂದು ತಂತಿಯನ್ನು ಎಳೆದು ಸಿಕ್ಕಿಸಿದ. ಫ್ಯೂಸಿಲ್ಲ, ಶೋಧಕವಿಲ್ಲ. ಪಂಪು ‘ಟಕಟಕ’ ಎಂದು ನುಡಿಯಿತು, ಎಂಜಿನ್ನು ಹೊತ್ತಿಕೊಂಡಿತು. ಇಬ್ಬರಿಗೂ ಸಂತೋಷವಾಯಿತು. ಕೆಲಸದ ಗುಣವನ್ನು ಅದು ಆರಂಭವಾಗುವ ರೀತಿಯಿಂದ ಅಳೆಯುವ ತಪ್ಪನ್ನು ನಾವು ಇನ್ನೂ ಎಷ್ಟೋ ವಿಷಯಗಳಲ್ಲಿ ಮಾಡುತ್ತೇವೆ.

ಮುಂದಿನ ಜಾತ್ರೆಗೆ ನನ್ನ ಅಕ್ಕನನ್ನೂ ಕರೆದುಕೊಂಡು ಹೋದೆ. ಆಕೆಗೆ ಎರಡೂ ಮೊಣಕಾಲು ಹಿಡಿದಿವೆ. ಕಾರಿನಿಂದ ಇಳಿಯಬೇಕಾದರೆ ಇಬ್ಬರು ಕೈಕೊಡಬೇಕು. ಕಾರಣಿಕದ ದಿನ ಮರಡಿಯ ಹತ್ತಿರಕ್ಕೆ ಹೋಗುವುದು ಆಗದ ಮಾತಾದ್ದರಿಂದ, ದೂರದಲ್ಲಿ ಬಂಡಿಗಳು ಬಿಟ್ಟಿದ್ದ ಬಯಲಿನ ಅಂಚಿಗೆ ಕಾರನ್ನು ತಂದೆ. ಅಲ್ಲಿಂದ ಬಿಲ್ಲಿನ ತುದಿ ಕಾಣುತ್ತಿತ್ತು. ಸರಿಯಾದ ಜಾಗ ಹುಡುಕುತ್ತಿರುವಾಗಲೇ ಎಂಜಿನ್ನು ಎರಡು ಸಲ ಮುಗ್ಗರಿಸಿ ತಾನಾಗಿಯೇ ನಿಂತಿತು. ಅಷ್ಟರಲ್ಲಿ ಜನರ ಮುಖವೆಲ್ಲ ಮರಡಿಯ ಕಡೆಗೆ ತಿರುಗಿತ್ತು. ನಿಂತರೆ ನಿಂತಿತು, ಸದ್ದಾದರೂ ಇಲ್ಲವಲ್ಲ ಎಂದುಕೊಂಡು ನಾನೂ ಅತ್ತ ನೋಡಿದೆ. ಕೀಲಿಯನ್ನು ತಿರುಗಿಸಲಿಲ್ಲ.

‘ಸದ್ದಲೇ’ ಎಂಬ ಕೂಗು ಎದ್ದಿತು. ಡಮರು ನಿಂತವು, ಮಾತು ನಿಂತಿತು. ಅಂಥ ಮೌನವನ್ನು ಕೇಳದವರಿಗೆ ಅದನ್ನು ವರ್ಣಿಸುವುದು ಕಷ್ಟ. ಆ ಮೌನದಲ್ಲಿ, ನನ್ನ ಕಾಲಿನ ಮುಂದೆಯೇ, ತಗಡಿನ ಆಚೆಯಿಂದ, ಅವಸರದ ‘ಟಕಟಕಟಕ’ ಸದ್ದು ಕೇಳಿಸಿತು. ಎಂಜಿನ್ನು ನಿಂತು ಎಷ್ಟೋ ಹೊತ್ತಾಗಿತ್ತು; ಪಂಪು ನಿಂತಿರಲಿಲ್ಲ. ಅದೇ ಕ್ಷಣದಲ್ಲಿ ಹಿಂದಿನ ಸೀಟಿನಿಂದ ಅಕ್ಕ ಪಿಸುಮಾತಿನಲ್ಲಿ, “ತಮ್ಮಾ, ಏನೋ ವಾಸನಿ ಬರಾಕತ್ತೈತಲ್ಲೋ” ಎಂದಳು.

ಕೀಲಿ ತಿರುಗಿಸಿ, ಇಳಿದು, ಬಾನೆಟ್ಟನ್ನು ಎತ್ತಿದೆ. ಕಾರ್ಬುರೇಟರು ತುಂಬಿ ಹೊರಚೆಲ್ಲುತ್ತಿತ್ತು. ಅದರ ಕೆಳಗೇ ಹೊಗೆ ಹೊರಗೆ ಹೋಗುವ ಕೊಳವೆಯ ಕಾದ ಮೈ. ಪೆಟ್ರೋಲು ಅದರ ಪಕ್ಕದಿಂದ ತೊಟ್ಟಿಕ್ಕಿ ನೆಲವನ್ನು ತೋಯಿಸಿತ್ತು. ಹತ್ತು ಮಾರಿನ ಆಚೆ ಬಂಡಿಯೊಂದರ ಮರೆಯಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಹುಡುಗರು ನಾಲ್ವರು ಓಡಿಬಂದರು. ಇಬ್ಬರು ಅಕ್ಕನನ್ನು ಎತ್ತಿಕೊಂಡು ದೂರ ಕೂರಿಸಿದರು. ಒಬ್ಬ ಒಲೆಗೆ ಮಣ್ಣು ಸುರಿದ. ಉಳಿದವನೂ ನಾನೂ ಕಾರನ್ನು ಬರಿಯ ಕೈಯಿಂದ ತಳ್ಳಿ ಬೇರೆಡೆಗೆ ಸಾಗಿಸಿ, ಚೆಲ್ಲಿದ ಪೆಟ್ರೋಲಿನ ಮೇಲೆ ಮರಳು ಹರಡಿದೆವು. ಏನೂ ಆಗಲಿಲ್ಲ. ಆದರೆ ಆ ‘ಏನೂ ಆಗಲಿಲ್ಲ’ ಎಂಬ ಮಾತಿನಲ್ಲಿ ನನ್ನ ಹಿರಿಮೆಯೇನೂ ಇರಲಿಲ್ಲ. ಆ ವರ್ಷದ ಕಾರಣಿಕವನ್ನು ನಾನು ಕೇಳಲೇ ಇಲ್ಲ.

ಮರುದಿನ ಕಾರನ್ನು ಹಡಗಲಿಯ ಹಿರಿಯ ಮೇಸ್ತ್ರಿಯೊಬ್ಬರ ಮುಂದೆ ನಿಲ್ಲಿಸಿದೆ. ಅವರು ಕಾರ್ಬುರೇಟರನ್ನು ಬಿಚ್ಚಿ, ಉಗುರಿನ ತುದಿಯ ಮೇಲೆ ಸಾಸಿವೆಗಿಂತ ಸಣ್ಣದಾದ ತುಕ್ಕಿನ ಕಣವೊಂದನ್ನು ತೋರಿಸಿದರು. ಕಾರ್ಬುರೇಟರಿನ ಬಟ್ಟಲಲ್ಲಿ ತೇಲುಬುರುಡೆಯೊಂದಿದೆ. ಪೆಟ್ರೋಲು ತುಂಬಿದಾಗ ಅದು ಮೇಲೆದ್ದು, ಸೂಜಿಯಂಥ ಕವಾಟವನ್ನು ಒತ್ತಿ ಒಳಹರಿವನ್ನು ಮುಚ್ಚುತ್ತದೆ. ಈ ಕಣ ಸೂಜಿಗೂ ಅದರ ಪೀಠಕ್ಕೂ ನಡುವೆ ಕುಳಿತಿತ್ತು; ಬಾಗಿಲು ಮುಚ್ಚಲಿಲ್ಲ.

“ಕಣ ಬರೋದು ಸಹಜ ಐತ್ರಿ ಮಾಸ್ತರ್ರ,” ಎಂದರು ಮೇಸ್ತ್ರಿ. “ಮೊದಲಿನ ಎ.ಸಿ. ಪಂಪು ಇದ್ದಿದ್ದರ ಎಂಜಿನ್ನು ನಿಂತಕೂಡಲೆ ತಾನೂ ನಿಲ್ತಿತ್ತು. ಒಂದೀಟು ಚೆಲ್ಲಿ ಸುಮ್ಮನಾಗ್ತಿತ್ತು. ಈ ಹೊಸಾದಕ್ಕ ದುಡಿಯೋದು ಕಲಿಸ್ಯಾರ, ನಿಲ್ಲೋದು ಕಲಿಸಿಲ್ಲ.”

“ಹಾಗಾದರೆ ಇದನ್ನು ಕಿತ್ತುಹಾಕಿ, ಹಳೆಯದನ್ನೇ ಹಾಕಿಬಿಡಿ ಮೇಸ್ತ್ರಿ,” ಎಂದೆ.

“ಯಾಕ್ರೀ? ಅದರದೇನು ತಪ್ಪೈತಿ? ಕಲಿಸೂಣು” ಎಂದರು.

ಆ ಕಲಿಸುವಿಕೆಗೆ ಮೂರು ದಿನ ಹಿಡಿಯಿತು. ನಾನು ಶಿಷ್ಯನಂತೆ ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲ ಕೆಲಸ ಬ್ಯಾಟರಿಯ ತಂತಿಯನ್ನು ಕಳಚುವುದು. ಕೆಲಸ ನಡೆದದ್ದು ಶೆಡ್ಡಿನೊಳಗಿನ ಗುಂಡಿಯ ಮೇಲಲ್ಲ, ಹೊರಗೆ ಬೇವಿನ ಮರದಡಿಯಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಕಾಣದಂತೆ ಸೇರಿಕೊಂಡು ಕಿಡಿಗಾಗಿ ಕಾಯುತ್ತದೆ. ಪಕ್ಕದಲ್ಲಿ ಒಂದು ಬಕೆಟ್ಟು ಮರಳು. ಬೀಡಿ ಸೇದುವವರಿಗೆ ರಸ್ತೆಯ ಆಚೆಯ ದಂಡೆ. ಬಳಿಕ ಟ್ಯಾಂಕನ್ನು ಇಳಿಸಿ ತೊಳೆದರು. ಬಟ್ಟೆಯ ಮೇಲೆ ಸುರಿದ ಕೆಸರು ಒಂದು ಹಿಡಿಯಷ್ಟಿತ್ತು. ನನ್ನ ತಂದೆಯ ಕಾಲದ ತುಕ್ಕೂ ಅದರಲ್ಲಿ ಇದ್ದಿರಬೇಕು.

ಪಂಪಿಗೆ ಅವರು ಆರಿಸಿದ ಸ್ಥಳ ಕಾರಿನ ಹಿಂಭಾಗ. ಟ್ಯಾಂಕಿನ ಸಮೀಪ, ಅದರ ತಳದ ಮಟ್ಟದಲ್ಲಿ, ಸೈಲೆನ್ಸರಿನಿಂದ ದೂರದಲ್ಲಿ. ಈ ಬಗೆಯ ಪಂಪು ಹೀರುವುದರಲ್ಲಿ ದುರ್ಬಲ, ತಳ್ಳುವುದರಲ್ಲಿ ಬಲಶಾಲಿ. ಟ್ಯಾಂಕಿನ ಪಕ್ಕದಲ್ಲಿ ನಿಂತು ತಳ್ಳಿದರೆ ಕೊಳವೆಯ ಉದ್ದಕ್ಕೂ ಪೆಟ್ರೋಲು ಒತ್ತಡದಲ್ಲಿರುತ್ತದೆ, ಬೇಗ ಕುದಿಯುವುದಿಲ್ಲ. ವಿದ್ಯುತ್ ಪಂಪಿನ ಲಾಭವೆಲ್ಲ ಇರುವುದು ಇಲ್ಲಿಯೇ. ಅದನ್ನು ಎಂಜಿನ್ನಿನ ಪಕ್ಕದಲ್ಲಿ ಕೂರಿಸಿದ್ದು ಕಾವಲುಗಾರನನ್ನು ಮನೆಯೊಳಗೆ ಮಲಗಿಸಿದಂತಾಗಿತ್ತು. ದೇಹಕ್ಕೆ ಅದರ ನಡುಕ ತಾಗದಿರಲೆಂದು ರಬ್ಬರಿನ ಮೆತ್ತೆಗಳನ್ನಿಟ್ಟು ಬಿಗಿದರು.

ಶೋಧಕಗಳು ಎರಡು. ಟ್ಯಾಂಕಿಗೂ ಪಂಪಿಗೂ ನಡುವೆ ದೊಡ್ಡ ಕಣ್ಣಿನದು. ಇದು ಪಂಪನ್ನು ಕಾಯುತ್ತದೆ. ಇಲ್ಲಿ ತೀರ ಸಣ್ಣ ಕಣ್ಣಿನದನ್ನು ಹಾಕಿದರೆ ಪಂಪು ಹೀರಲಾರದೆ ಸೊರಗುತ್ತದೆ. ಪಂಪಿಗೂ ಕಾರ್ಬುರೇಟರಿಗೂ ನಡುವೆ ಸಣ್ಣ ಕಣ್ಣಿನದು; ಇದು ಸೂಜಿ ಕವಾಟವನ್ನು ಕಾಯುತ್ತದೆ. ಎರಡರ ಮೈಮೇಲೂ ಹರಿವಿನ ದಿಕ್ಕನ್ನು ತೋರಿಸುವ ಬಾಣದ ಗುರುತಿದೆ. ಎರಡನ್ನೂ ಕಾದ ಕೊಳವೆಯ ಮೇಲೆ ಬಾರದಂತೆ ಕೂರಿಸಬೇಕು. ಹಳೆಯ ರಬ್ಬರು ಕೊಳವೆಗಳನ್ನೆಲ್ಲ ಎಸೆದು ಎಥೆನಾಲನ್ನು ತಡೆಯಬಲ್ಲ ಹೊಸ ಕೊಳವೆಗಳನ್ನು ಹಾಕಿ ಕ್ಲಿಪ್ಪು ಬಿಗಿದರು.

ಪಂಪಿನ ಒತ್ತಡದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಕಾರ್ಬುರೇಟರಿನ ಸೂಜಿ ತಡೆಯಬಲ್ಲುದು ಪ್ರತಿ ಚದರ ಅಂಗುಲಕ್ಕೆ ಸುಮಾರು 2ರಿಂದ 4 ಪೌಂಡುಗಳ ಒತ್ತಡವನ್ನು ಮಾತ್ರ. ಈಚಿನ ಇಂಜೆಕ್ಷನ್ ಕಾರುಗಳ ಪಂಪುಗಳು 40 ಪೌಂಡಿಗೂ ಮೀರಿ ಒತ್ತುತ್ತವೆ. ಹೆಚ್ಚು ಬಲವಿದ್ದರೆ ಹೆಚ್ಚು ಒಳ್ಳೆಯದೆಂದು ಅಂಥದನ್ನು ತಂದು ಹಾಕಿದರೆ, ಕಣವಿಲ್ಲದೆಯೂ ಬಾಗಿಲು ತೆರೆದುಕೊಳ್ಳುತ್ತದೆ. ನನ್ನ ಪಂಪಿನ ಒತ್ತಡವನ್ನು ಅಳೆದು ನೋಡಿ, ‘ಅಡ್ಡಿಯಿಲ್ಲ’ ಎಂದರು. ಆಮೇಲೆ ಹಳೆಯ ಎ.ಸಿ. ಪಂಪನ್ನು ಬಿಚ್ಚಿ, ಅದರ ಜಾಗಕ್ಕೆ ಪ್ಯಾಕಿಂಗಿನೊಡನೆ ಒಂದು ತಗಡನ್ನು ಬಿಗಿದರು. ಇಲ್ಲದಿದ್ದರೆ ಆ ತೂತಿನಿಂದ ಎಂಜಿನ್ನಿನ ಎಣ್ಣೆ ಚೆಲ್ಲುತ್ತದೆ. ಅದನ್ನು ಅಲ್ಲಿಯೇ ಬಿಟ್ಟು, ಅದರ ಮೂಲಕವೇ ಪೆಟ್ರೋಲನ್ನು ತಳ್ಳಿಸಬಾರದೇ ಎಂದು ಕೇಳಿದೆ. ಪೊರೆ ಹರಿದರೆ ಪೆಟ್ರೋಲು ಎಣ್ಣೆಯೊಳಗೆ ಸೇರಿ ಎಂಜಿನ್ನಿಗೇ ಅಪಾಯವೆಂದರು.

ಇನ್ನು ನಿಲ್ಲುವ ಪಾಠ. ಪಂಪಿನ ತಂತಿಗೆ ತಕ್ಕ ಅಳತೆಯ ಫ್ಯೂಸನ್ನು ಕೂರಿಸಿದರು. ಬ್ಯಾಟರಿಯ ಯಾವ ತುದಿ ಕಾರಿನ ದೇಹಕ್ಕೆ ಸೇರಿದೆಯೆಂದು ನೋಡಿದರು. ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಧನ ತುದಿಯನ್ನು ದೇಹಕ್ಕೆ ಸೇರಿಸುವ ರೂಢಿಯೂ ಇತ್ತು, ತಿರುಗುಮುರುಗಾದರೆ ಪಂಪು ಸುಡುತ್ತದೆ. ಅನಂತರ ಎಂಜಿನ್ನಿನ ಎಣ್ಣೆಯ ದಾರಿಗೆ, ಎಣ್ಣೆಯ ಒತ್ತಡವಿದ್ದಾಗ ಮಾತ್ರ ಸೇರುವಂಥ ಸ್ವಿಚ್ಚೊಂದನ್ನು ಅಳವಡಿಸಿ, ರಿಲೇಯ ಮೂಲಕ ಪಂಪಿಗೆ ಜೋಡಿಸಿದರು. ಎಂಜಿನ್ನು ತಿರುಗುತ್ತಿದ್ದರೆ ಎಣ್ಣೆಗೆ ಒತ್ತಡವಿದೆ, ಪಂಪಿಗೆ ವಿದ್ಯುತ್ತಿದೆ. ಎಂಜಿನ್ನು ನಿಂತರೆ ಒತ್ತಡ ಇಳಿಯುತ್ತದೆ. ಕೀಲಿ ಹಾಗೇ ಇದ್ದರೂ ಪಂಪು ಸುಮ್ಮನಾಗುತ್ತದೆ. ಮೊದಲು ಹೊತ್ತಿಸುವಾಗ ಒತ್ತಡವಿರುವುದಿಲ್ಲವಲ್ಲ. ಅದಕ್ಕಾಗಿ ಸ್ಟಾರ್ಟರು ತಿರುಗುವಷ್ಟು ಹೊತ್ತು ಬೇರೆ ದಾರಿಯಿಂದ ವಿದ್ಯುತ್ತು ಬರುವಂತೆ ಮಾಡಿದರು. ಜೊತೆಗೆ, ಕಾರು ಎಲ್ಲಿಗಾದರೂ ಬಲವಾಗಿ ಬಡಿದರೆ ತಾನಾಗಿ ಕಡಿದುಕೊಳ್ಳುವ ಇನ್ನೊಂದು ಸ್ವಿಚ್ಚು. ಹಳೆಯ ಪಂಪಿಗೆ ಹುಟ್ಟಿನಿಂದಲೇ ಇದ್ದ ಸಂಯಮವನ್ನು ಹೊಸದಕ್ಕೆ ಹೀಗೆ ಹೊರಗಿನಿಂದ ತಂದುಕೊಡಬೇಕಾಯಿತು.

ಕಡೆಗೆ ಪರೀಕ್ಷೆ. ಕಾರ್ಬುರೇಟರಿಗೆ ಸೇರುವ ಕೊಳವೆಯ ತುದಿಯನ್ನು ಸೀಸೆಯೊಂದಕ್ಕೆ ಇಳಿಬಿಟ್ಟು, ಪಂಪಿಗೆ ನೇರವಾಗಿ ವಿದ್ಯುತ್ತು ಕೊಟ್ಟು, ಗಡಿಯಾರ ಹಿಡಿದು ಹರಿವನ್ನು ಅಳೆದರು. ಆಮೇಲೆ ಕೊಳವೆಯನ್ನು ಕಾರ್ಬುರೇಟರಿಗೆ ಸೇರಿಸಿ ಮತ್ತೊಮ್ಮೆ. “ಈಗ ಕೇಳ್ರಿ,” ಎಂದರು. ಮೊದಲು ಅವಸರದ ಟಕಟಕ. ಬಟ್ಟಲು ತುಂಬುತ್ತ ಬಂದಂತೆ ಸದ್ದು ನಿಧಾನವಾಯಿತು. ಸೂಜಿ ಮುಚ್ಚಿತು, ಸದ್ದು ವಿರಳವಾಗಿ, ಅಡಗಿತು. “ತುಂಬಿದ ಮ್ಯಾಲೂ ಅದು ಒದರಾಕತ್ತಿದ್ದರ ಎಲ್ಲೋ ಚೆಲ್ಲಾಕತ್ತೈತಿ ಅಂತ ತಿಳೀರಿ.” ಮೈಲಾರದ ಮೌನದಲ್ಲಿ ನಾನು ಕೇಳಿದ ಸದ್ದಿನ ಅರ್ಥ ಆಗ ನನಗೆ ಪೂರ್ತಿಯಾಯಿತು. ಪ್ರತಿಯೊಂದು ಕೀಲಿಗೂ ಬೆರಳಿಟ್ಟು ತೇವವಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಎಂಜಿನ್ನನ್ನು ಹೊತ್ತಿಸಿದರು. ತಾಸು ಹೊತ್ತು ಬಿಸಿಲಿನಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಹೊತ್ತಿಸಿದರು. ಟವೆಲಿನ ಅಗತ್ಯ ಬೀಳಲಿಲ್ಲ.

ಹಳೆಯ ವಸ್ತುಗಳ ಶುದ್ಧಿಯನ್ನು ಕಾಯುವ ನನ್ನ ಸ್ನೇಹಿತರೊಬ್ಬರು ಇದನ್ನು ಕೇಳಿ ನೊಂದುಕೊಂಡರು. ತಂದೆಯ ಕಾರು ಇನ್ನು ತಂದೆಯ ಕಾರಾಗಿ ಉಳಿಯಲಿಲ್ಲವೆಂದರು. ವಿದ್ಯುತ್ ಪಂಪು ನಿನ್ನೆಯ ಹುಡುಗನಲ್ಲ. ಹಳೆಯ ಮೋರಿಸ್ ಮೈನರ್ ಕಾರುಗಳಲ್ಲಿ ಎಸ್.ಯು. ಕಂಪನಿಯ ವಿದ್ಯುತ್ ಪಂಪು ಮೊದಲಿನಿಂದಲೂ ಟಿಕಟಿಕ ಎನ್ನುತ್ತಿತ್ತು ಎಂದು ನಾನು ಉತ್ತರ ಕೊಡಬಹುದಾಗಿತ್ತು. ಆದರೆ ಅವರ ನೋವು ಇತಿಹಾಸದ್ದಾಗಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿರುವ ಹಳೆಯ ಪಂಪನ್ನು ತೆಗೆದು ತೋರಿಸಿದೆ. ಬೇಕೆಂದಾಗ ಅದು ತನ್ನ ಜಾಗಕ್ಕೆ ಮರಳಬಹುದು. ಯಾವುದನ್ನೂ ಕೊರೆದಿಲ್ಲ, ಕತ್ತರಿಸಿಲ್ಲ. ನನ್ನ ತಂದೆ ಈ ಕಾರನ್ನು ಕೊಂಡದ್ದು ಮನೆಮಂದಿಯನ್ನು ಮೈಲಾರಕ್ಕೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ಮರಳಿ ತರುವುದಕ್ಕೆ. ಆ ಉದ್ದೇಶ ಉಳಿದರೆ ಅವರ ಕಾರೂ ಉಳಿಯಿತೆಂದೇ ನಾನು ತಿಳಿಯುತ್ತೇನೆ. ಹಳತಿಗೆ ಹೊಸ ಬಲವನ್ನು ಸೇರಿಸುವುದರಲ್ಲಿ ತಪ್ಪಿಲ್ಲ. ಸೇರಿಸಿದ ಬಲಕ್ಕೆ ತನ್ನ ಎಲ್ಲೆ ಗೊತ್ತಿದೆಯೇ, ಯಜಮಾನ ನಿಂತಾಗ ತಾನೂ ನಿಲ್ಲಬಲ್ಲುದೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ನಾನು ಅದನ್ನು ತಡವಾಗಿ ಕೇಳಿಕೊಂಡೆ.

ಮುಂದಿನ ಭರತ ಹುಣ್ಣಿಮೆಗೆ ಮತ್ತೆ ಹೋದೆವು. ಬಂಡಿಗಳ ಹಿಂದೆ ತೆವಳುತ್ತಲೇ ಹೋದೆವು, ಕಾರು ನಿಲ್ಲಲಿಲ್ಲ. ಬಯಲಿನ ಅಂಚಿನಲ್ಲಿ ಎಂಜಿನ್ನನ್ನು ಆರಿಸಿದೆ. ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅಕ್ಕ ಎರಡು ಸಲ ಮೂಸಿ ನೋಡಿ, “ಈ ಸಲ ಬರೇ ಭಂಡಾರದ ವಾಸನಿ” ಎಂದಳು. ‘ಸದ್ದಲೇ’ ಎಂಬ ಕೂಗು ಎದ್ದಾಗ ನಾನು ಉಸಿರು ಹಿಡಿದು, ಮರಡಿಯ ಕಡೆಗಲ್ಲದೆ ಬಾನೆಟ್ಟಿನ ಕಡೆಗೆ ಕಿವಿಗೊಟ್ಟೆ. ಯಾವ ಸದ್ದೂ ಇರಲಿಲ್ಲ.

ಹಿಂದಿರುಗುವಾಗ ದಾರಿಯಲ್ಲಿ ಯಾರೋ, “ಈ ವರ್ಷ ಏನು ನುಡೀತ್ರೀ ಕಾರಣಿಕ?” ಎಂದು ಕೇಳಿದರು. ಅಕ್ಕ ಹೇಳಿದಳು. ನನಗೆ ಈ ಸಲವೂ ಸರಿಯಾಗಿ ಕೇಳಿಸಿರಲಿಲ್ಲ.